ಮೂರನೇ ಮಗು ಬಸ್ಸಿಗೆ ಬರದ ದಿನ

ಸೋಮವಾರ ಬೆಳಿಗ್ಗೆ 7.10. ಕಾಫಿ ಲೋಟ ಇನ್ನೂ ಕೈಯಲ್ಲಿತ್ತು. ಶಾಲಾ ಬಸ್ಸಿನ ಡ್ರೈವರ್ ಫೋನ್ ಮಾಡಿದರು.

"ಮೇಡಂ, ಲಿಸ್ಟೇ ಬರ್ತಾ ಇಲ್ಲ. ಆಪ್ ಓಪನ್ ಮಾಡಿದ್ರೆ ಹಾಗೇ ಕ್ಲೋಸ್ ಆಗ್ತಿದೆ. ಯಾರು ಬರ್ತಾರೆ, ಯಾರು ಬರಲ್ಲ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ಆ ಆಪ್‌ಗೆ ಮಕ್ಕಳ ಪಟ್ಟಿ ಕಳಿಸುವ ಸರ್ವರ್ ಭಾಗ ಬರೆದವಳು ನಾನು. ಆ ಬಸ್ಸಿಗೆ 25 ಮಕ್ಕಳು. ಯಾರ ಸ್ಟಾಪ್ ಮೊದಲು ಸಿಗುತ್ತದೋ ಅವರ ಹೆಸರು ಮೊದಲು. ಹಿಂದಿನ ಶನಿವಾರವಷ್ಟೇ ಒಂದು ಹೊಸ ಸೌಕರ್ಯ ಸೇರಿಸಿದ್ದೆ. ಮಗುವಿಗೆ ಹುಷಾರಿಲ್ಲದಿದ್ದರೆ ಮನೆಯವರು 'ಇವತ್ತು ಬರಲ್ಲ' ಎನ್ನುವ ಬಟನ್ ಒತ್ತಬಹುದು. ಒತ್ತಿದರೆ ಆವತ್ತಿನ ಪಟ್ಟಿಯಿಂದ ಆ ಹೆಸರು ಹೋಗುತ್ತದೆ. ಡ್ರೈವರ್ ಆ ಸ್ಟಾಪಿನಲ್ಲಿ ಕಾಯಬೇಕಿಲ್ಲ.

ಆ ಸೋಮವಾರ ಪಟ್ಟಿಯ ಮೂರನೇ ಹುಡುಗಿಗೆ ಜ್ವರ. ಅವಳ ಅಮ್ಮ ಬಟನ್ ಒತ್ತಿದರು. ಒಂದು ಹೆಸರು ಹೋಗಬೇಕಿತ್ತು. ಇಡೀ ಪಟ್ಟಿಯೇ ಹೋಯಿತು.

ಆವತ್ತು ಹೆಸರುಗಳನ್ನು ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿದೆ. ಬಸ್ ಹೊರಟಿತು. ಆಮೇಲೆ ಕೂತು ಹುಡುಕತೊಡಗಿದೆ.

ತಪ್ಪು ಒಂದೇ ಸಾಲಿನಲ್ಲಿತ್ತು. ಸರ್ವರ್ ಕೋಡ್ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಪಿಎಚ್‌ಪಿಯಲ್ಲಿ ಅರೇಯಿಂದ, ಅಂದರೆ ಪಟ್ಟಿ ಇಡುವ ಪಾತ್ರೆಯಿಂದ, ಒಂದನ್ನು ತೆಗೆಯಬೇಕು ಅಂದರೆ ಎಲ್ಲರೂ ಮೊದಲು ಕಲಿಯುವುದು ಅನ್‌ಸೆಟ್. ನಾನೂ ಅದನ್ನೇ ಬಳಸಿದ್ದೆ. 25 ಹೆಸರುಗಳ ಅರೇಯಲ್ಲಿ ಇಂಡೆಕ್ಸ್, ಅಂದರೆ ಪ್ರತಿ ಹೆಸರಿಗೆ ಅಂಟಿದ ನಂಬರ್, 0ಯಿಂದ 24ರ ತನಕ ಇರುತ್ತದೆ. ಮೂರನೇ ಹುಡುಗಿಯ ಇಂಡೆಕ್ಸ್ 2. ಅದನ್ನು ಅನ್‌ಸೆಟ್ ಮಾಡಿದರೆ ಹೆಸರು ಹೋಗುತ್ತದೆ, ಜೊತೆಗೆ 2 ಅನ್ನುವ ನಂಬರೂ ಹೋಗುತ್ತದೆ. ಉಳಿದವರು ಇದ್ದಲ್ಲೇ ಇರುತ್ತಾರೆ. ಈಗ ಇಂಡೆಕ್ಸ್‌ಗಳು 0, 1, 3, 4, 5, ಹೀಗೆ 24ರ ತನಕ. ಎಣಿಸಿದರೆ 24 ಮಕ್ಕಳು, ಆದರೆ ಕೊನೆಯ ಮಗುವಿನ ನಂಬರ್ ಕೂಡ 24. ನಡುವೆ ಒಂದು ಹಲ್ಲು ಬಿದ್ದಿದೆ.

ಸರ್ವರ್ ಒಳಗೆ ಇದರಿಂದ ಏನೂ ತೊಂದರೆ ಆಗಲಿಲ್ಲ. ತೊಂದರೆ ಆಗಿದ್ದು ಪಟ್ಟಿ ಮನೆ ಬಿಟ್ಟು ಹೊರಟಾಗ. ಫೋನಿಗೆ ಕಳಿಸುವಾಗ ಅರೇಯನ್ನು ಜೇಸನ್ ಎಂಬ ಪಠ್ಯ ರೂಪಕ್ಕೆ ಬದಲಾಯಿಸುತ್ತೇವೆ. ಆಗ ಪಿಎಚ್‌ಪಿ ಒಮ್ಮೆ ಇಂಡೆಕ್ಸ್‌ಗಳ ಕಡೆ ನೋಡುತ್ತದೆ. 0ಯಿಂದ ಶುರುವಾಗಿ ಒಂದೂ ತಪ್ಪದೆ ಸಾಲಾಗಿದ್ದರೆ ಇದು ಪಟ್ಟಿ ಎಂದುಕೊಂಡು ಸ್ಕ್ವೇರ್ ಬ್ರಾಕೆಟ್ ಹಾಕುತ್ತದೆ. ಒಂದೇ ಒಂದು ನಂಬರ್ ತಪ್ಪಿದರೂ ಇದು ಹೆಸರು ಮತ್ತು ಅದರಡಿ ಇಟ್ಟ ಬೆಲೆ (ವ್ಯಾಲ್ಯೂ), ಹೀಗೆ ಜೋಡಿಗಳು ಎಂದುಕೊಂಡು ಕರ್ಲಿ ಬ್ರಾಕೆಟ್ ಹಾಕುತ್ತದೆ, ಪ್ರತಿ ಮಗುವಿನ ಮುಂದೆ ಅದರ ನಂಬರನ್ನೂ ಬರೆಯುತ್ತದೆ. ಡ್ರೈವರ್ ಫೋನಿನಲ್ಲಿದ್ದ ಆಪ್ ಪಟ್ಟಿಗಾಗಿ ಕಾಯುತ್ತಿತ್ತು. ಬಂದಿದ್ದು ಬೇರೆ ಆಕಾರ. ಅದಕ್ಕೆ ಅರ್ಥವಾಗಲಿಲ್ಲ, ನಿಂತುಹೋಯಿತು.

ಶನಿವಾರ ನಾನು ಟೆಸ್ಟ್ ಮಾಡಿರಲಿಲ್ಲ ಅಂತಲ್ಲ. ಪಟ್ಟಿಯ ಕೊನೆಗೆ 'ಟೆಸ್ಟ್ ಮಗು' ಅಂತ ಒಂದು ಹೆಸರು ಸೇರಿಸಿ, ಬಟನ್ ಒತ್ತಿ ತೆಗೆದು ನೋಡಿದ್ದೆ. ಚೆನ್ನಾಗಿಯೇ ನಡೆಯಿತು. ನಡೆಯಲೇಬೇಕು ಅಲ್ವಾ? ಕೊನೆಯದನ್ನು ತೆಗೆದರೆ ಉಳಿದದ್ದು 0ಯಿಂದ ಸಾಲಾಗಿಯೇ ಇರುತ್ತದೆ. ಬಾಲ ಕತ್ತರಿಸಿದರೆ ಸಾಲು ಮುರಿಯುವುದಿಲ್ಲ. ಹೊಟ್ಟೆಯಲ್ಲಿ ಕತ್ತರಿಸಿದರೆ ಮಾತ್ರ ಮುರಿಯುತ್ತದೆ. ನಾವು ಟೆಸ್ಟ್ ಮಾಡುವಾಗ ಸೇರಿಸುವುದು ಕೊನೆಗೆ, ಆದ್ದರಿಂದ ತೆಗೆಯುವುದೂ ಕೊನೆಯಿಂದ. ಈ ತಪ್ಪು ಎಷ್ಟೋ ಕಡೆ ತಿಂಗಳುಗಟ್ಟಲೆ ಸುಮ್ನೆ ಕೂತಿರುವುದು ಇದೇ ಕಾರಣಕ್ಕೆ ಎಂದು ನನಗೆ ಅನ್ನಿಸುತ್ತದೆ. ಆವತ್ತಿನಿಂದ ಯಾವ ಪಟ್ಟಿಯಿಂದ ಏನು ತೆಗೆಯುವ ಕೋಡ್ ಬರೆದರೂ ತಲೆ, ನಡು, ಬಾಲ ಮೂರೂ ಕಡೆ ತೆಗೆದು ನೋಡುತ್ತೇನೆ. ಒಬ್ಬರೇ ಇರುವ ಪಟ್ಟಿಯಿಂದಲೂ ತೆಗೆದು ನೋಡುತ್ತೇನೆ.

ಸರಿಪಡಿಸುವುದು ಸುಲಭವಿತ್ತು. ಅನ್‌ಸೆಟ್ ಆದ ಮೇಲೆ ಅರೇ-ವ್ಯಾಲ್ಯೂಸ್ ಎಂಬ ಫಂಕ್ಷನ್ ಕರೆದರೆ ಸಾಕು. ಅದು ಹಳೆಯ ನಂಬರುಗಳನ್ನೆಲ್ಲ ಬಿಟ್ಟು, ಇರುವ ಹೆಸರುಗಳಿಗೆ 0ಯಿಂದ ಹೊಸ ನಂಬರ್ ಕೊಟ್ಟ ಹೊಸ ಅರೇ ಕೊಡುತ್ತದೆ. ಕೊಟ್ಟಿದ್ದನ್ನು ಮತ್ತೆ ಹಳೆಯ ಅರೇಯ ಹೆಸರಿಗೇ ತುಂಬಿಕೊಳ್ಳಬೇಕು. ಸುಮ್ನೆ ಕರೆದು ಬಿಟ್ಟರೆ ಹಳೆಯ ಅರೇ ಹಾಗೇ ಇರುತ್ತದೆ. ಇನ್ನೊಂದು ದಾರಿ ಅರೇ-ಸ್ಪ್ಲೈಸ್. 'ಇಷ್ಟನೇ ಜಾಗದಿಂದ ಇಷ್ಟು ತೆಗೆ' ಎಂದು ಹೇಳಿದರೆ ತೆಗೆದು, ಹಿಂದಿನವರನ್ನು ಮುಂದೆ ಸರಿಸಿ, ನಂಬರುಗಳನ್ನು ತಾನೇ ಸರಿಮಾಡುತ್ತದೆ. ಇದು ಇರುವ ಅರೇಯನ್ನೇ ಬದಲಾಯಿಸುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಅರೇ-ಸ್ಪ್ಲೈಸ್ ನೋಡುವುದು ಜಾಗವನ್ನು, ನಂಬರನ್ನಲ್ಲ. ಮೊದಲೇ ಹಲ್ಲು ಬಿದ್ದಿರುವ ಅರೇಗೆ '3ನೇ ಇಂಡೆಕ್ಸ್ ತೆಗೆ' ಎಂದರೆ ಅದು ತಲೆಯಿಂದ ಎಣಿಸಿಕೊಂಡು ಹೋಗಿ ಬೇರೆ ಯಾರನ್ನೋ ತೆಗೆಯುತ್ತದೆ.

ಸೋಮವಾರ ಸಂಜೆ ಉಳಿದ ಕೋಡನ್ನೂ ಜಾಲಾಡಿದೆ. ಹಲ್ಲು ಬೀಳಿಸುವುದು ಅನ್‌ಸೆಟ್ ಒಂದೇ ಅಲ್ಲ. ಅರೇ-ಫಿಲ್ಟರ್ ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಕೊಡುತ್ತದೆ, ಆದರೆ ಪ್ರತಿಯೊಂದರ ಹಳೆಯ ನಂಬರನ್ನು ಹಾಗೇ ಇಟ್ಟುಕೊಳ್ಳುತ್ತದೆ. ಎರಡೆರಡು ಸಲ ಇರುವುದನ್ನು ತೆಗೆಯುವ ಅರೇ-ಯೂನಿಕ್ ಕೂಡ ಹಾಗೇ. ಕ್ರಮವಾಗಿ ಜೋಡಿಸುವ ಸಾರ್ಟ್ ಮಾತ್ರ ಹೊಸ ನಂಬರ್ ಕೊಡುತ್ತದೆ, ಆದರೆ ಅದರ ಅಣ್ಣತಮ್ಮನ ಹಾಗಿರುವ ಎ-ಸಾರ್ಟ್ ಕೊಡುವುದಿಲ್ಲ. ಇದನ್ನೆಲ್ಲ ನೆನಪಿಟ್ಟುಕೊಳ್ಳುವುದು ಕಷ್ಟ. 2021ರಲ್ಲಿ ಬಂದ ಪಿಎಚ್‌ಪಿ 8.1ರಲ್ಲಿ ಅರೇ-ಈಸ್-ಲಿಸ್ಟ್ ಎಂಬ ಫಂಕ್ಷನ್ ಸೇರಿಸಿದರು. ಅರೇಯಲ್ಲಿ ನಂಬರುಗಳು 0ಯಿಂದ ಸಾಲಾಗಿವೆಯೋ ಇಲ್ಲವೋ ಎಂದು ಅದು ಹೇಳುತ್ತದೆ, ಅಷ್ಟೇ. ಇಷ್ಟು ಸಣ್ಣ ಕೆಲಸಕ್ಕೆ ಭಾಷೆಯೇ ಒಂದು ಫಂಕ್ಷನ್ ಕೊಟ್ಟಿದೆ ಅಂದರೆ ನನ್ನಂಥವರು ಎಷ್ಟು ಜನ ಇದರಲ್ಲಿ ಬಿದ್ದಿರಬೇಕು ನೋಡಿ. ಈಗ ಪಟ್ಟಿ ಸರ್ವರ್‌ನಿಂದ ಹೊರಗೆ ಹೋಗುವ ಬಾಗಿಲಲ್ಲಿ ಅದನ್ನು ಕಾವಲಿಗೆ ಇಟ್ಟಿದ್ದೇನೆ.

ಪಿಎಚ್‌ಪಿ ಯಾಕೆ ಹೀಗೆ? 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಹೊರಗೆ ಬಿಟ್ಟ ಈ ಭಾಷೆ ವೆಬ್ ಪುಟಗಳಿಗಾಗಿ ಬೆಳೆಯುತ್ತಾ ಬಂತು. ಬೇರೆ ಎಷ್ಟೋ ಭಾಷೆಗಳಲ್ಲಿ ಸಾಲಾಗಿ ಇಡಲು ಒಂದು ಪಾತ್ರೆ, ಹೆಸರು ಹಚ್ಚಿ ಇಡಲು ಇನ್ನೊಂದು. ಪೈಥಾನ್‌ನಲ್ಲಿ ಲಿಸ್ಟ್ ಬೇರೆ, ಡಿಕ್ಷನರಿ ಬೇರೆ. ಪಿಎಚ್‌ಪಿಯಲ್ಲಿ ಎರಡಕ್ಕೂ ಒಂದೇ ಪಾತ್ರೆ, ಅದೇ ಅರೇ. ಬರೆಯುವವರಿಗೆ ಇದು ತುಂಬ ಅನುಕೂಲ, ನಾನು ಅದನ್ನು ದೂರುವುದಿಲ್ಲ. ಆದರೆ ನಾವು ಒಳಗೆ ಇಟ್ಟಿರುವುದು ಸಾಲೋ, ಹೆಸರು ಹಚ್ಚಿದ ಡಬ್ಬಿಗಳೋ ಎಂದು ಪಾತ್ರೆಗೆ ಗೊತ್ತಿಲ್ಲ. ಅನ್‌ಸೆಟ್ ಎಂದಾಗ ಅದು ಡಬ್ಬಿಗಳೆಂದೇ ತಿಳಿಯುತ್ತದೆ. ಒಂದು ಡಬ್ಬಿ ತೆಗೆದರೆ ಪಕ್ಕದ ಡಬ್ಬಿಯ ಮೇಲಿನ ಚೀಟಿ ಯಾಕೆ ಬದಲಾಗಬೇಕು?

ಜಾವಾಸ್ಕ್ರಿಪ್ಟ್ ಭಾಷೆಯಲ್ಲೂ ಇಂಥದ್ದೇ ಗುಂಡಿ ಇದೆ, ರುಚಿ ಸ್ವಲ್ಪ ಬೇರೆ. ಅಲ್ಲಿ ಅರೇಯ ಒಂದು ಜಾಗದ ಮೇಲೆ ಡಿಲೀಟ್ ಎಂದರೆ ಬೆಲೆ ಹೋಗುತ್ತದೆ, ತೂತು ಉಳಿಯುತ್ತದೆ, ಉದ್ದ ಬದಲಾಗುವುದಿಲ್ಲ. 25 ಇದ್ದದ್ದು 25 ಎಂದೇ ತೋರಿಸುತ್ತದೆ. ಜೇಸನ್ ಮಾಡಿದರೆ ತೂತಿನ ಜಾಗದಲ್ಲಿ ನಲ್, ಅಂದರೆ 'ಏನೂ ಇಲ್ಲ' ಎಂಬ ಗುರುತು, ಬರುತ್ತದೆ. ಇನ್ನು ಒಂದೊಂದನ್ನೇ ನೋಡುತ್ತಾ ಹೋಗಲು (ಇದಕ್ಕೆ ಲೂಪ್ ಎನ್ನುತ್ತೇವೆ) ಫಾರ್-ಈಚ್ ಎಂದು ಸುತ್ತಿದರೆ ತೂತನ್ನು ದಾಟಿಕೊಂಡು ಹೋಗುತ್ತದೆ. ಅದೇ ಫಾರ್-ಆಫ್ ಎಂದು ಸುತ್ತಿದರೆ ತೂತನ್ನೂ ಒಂದು ಸದಸ್ಯನಂತೆ ಕೈಗೆ ಕೊಡುತ್ತದೆ. ಅರೇ ಒಂದೇ, ಎರಡು ಲೂಪ್‌ಗಳಿಗೆ ಎರಡು ಲೆಕ್ಕ. ಅದಕ್ಕೇ ಅಲ್ಲಿ ಎಲ್ಲರೂ ಸ್ಪ್ಲೈಸ್ ಬಳಸಿ ಅಥವಾ ಫಿಲ್ಟರ್ ಬಳಸಿ ಎನ್ನುತ್ತಾರೆ. ಜಾವಾಸ್ಕ್ರಿಪ್ಟ್‌ನ ಫಿಲ್ಟರ್ ನಂಬರುಗಳನ್ನು ಹೊಸದಾಗಿಯೇ ಕೊಡುತ್ತದೆ. ಹೆಸರು ಅದೇ ಆದರೂ ಪಿಎಚ್‌ಪಿಯ ಫಿಲ್ಟರ್‌ನಂತೆ ಅಲ್ಲ. ದಿನಾ ಎರಡೂ ಭಾಷೆ ಬರೆಯುವವರಿಗೆ ಇದು ದೊಡ್ಡ ಕಿರಿಕಿರಿ.

ಸಾಲು ಮುರಿಯದಂತೆ ತೆಗೆಯುವುದಕ್ಕೆ ಒಂದು ಬೆಲೆಯೂ ಇದೆ, ಅದನ್ನು ಹೇಳಲೇಬೇಕು. ಸಿ ಭಾಷೆಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಅಲ್ಲಿ ಅರೇ ಎಂದರೆ ಮೆಮೊರಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು. ನಡುವಿನ ಒಂದನ್ನು ತೆಗೆದರೆ ಹಿಂದಿನ ಪ್ರತಿಯೊಂದನ್ನೂ ಒಂದೊಂದು ಮನೆ ಮುಂದೆ ಎತ್ತಿಡಬೇಕು. ಮೆಮ್-ಮೂವ್ ಎಂಬ ಫಂಕ್ಷನ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಎತ್ತುವ ಜಾಗವೂ ಇಡುವ ಜಾಗವೂ ಒಂದರ ಮೇಲೊಂದು ಬಿದ್ದರೂ ಅದು ಎಡವುವುದಿಲ್ಲ. ಪೈಥಾನ್, ಜಾವಾದಂಥ ಭಾಷೆಗಳಲ್ಲೂ ಒಳಗೆ ನಡೆಯುವುದು ಇದೇ, ನಮಗೆ ಕಾಣುವುದಿಲ್ಲ ಅಷ್ಟೇ.

25 ಮಕ್ಕಳಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ 1,00,000 ಸದಸ್ಯರ ಪಟ್ಟಿ ಎಂದುಕೊಳ್ಳಿ. ತಲೆಯಿಂದ ಒಂದನ್ನು ತೆಗೆದರೆ 99,999 ಸದಸ್ಯರು ಸರಿಯಬೇಕು. ಮುಂದಿನದಕ್ಕೆ 99,998. ಹೀಗೆ ತಲೆಯಿಂದ ಒಂದೊಂದಾಗಿ ಎಲ್ಲವನ್ನೂ ತೆಗೆದರೆ ಒಟ್ಟು ಸರಿದಾಟ ಸುಮಾರು 500 ಕೋಟಿ ಆಗುತ್ತದೆ. ಬೇಡದ್ದು ಜಾಸ್ತಿ ಇದ್ದಾಗ ಒಂದೊಂದನ್ನೇ ತೆಗೆಯಬಾರದು. ಎರಡು ಬೆರಳು ಇಟ್ಟುಕೊಂಡು ಮಾಡುವ ಒಂದು ಉಪಾಯ ನನಗೆ ಬಹಳ ಇಷ್ಟ. ಒಂದು ಬೆರಳು ಓದುತ್ತಾ ಹೋಗುತ್ತದೆ, ಇನ್ನೊಂದು ಬರೆಯುವ ಜಾಗದಲ್ಲಿ ಕಾಯುತ್ತದೆ. ಓದಿದ್ದು ಬೇಕಾದ್ದಾದರೆ ಬರೆಯುವ ಬೆರಳಿನ ಜಾಗಕ್ಕೆ ಇಟ್ಟು ಅದನ್ನು ಒಂದು ಹೆಜ್ಜೆ ಮುಂದೆ ಸರಿಸು. ಬೇಡದ್ದಾದರೆ ಓದುವ ಬೆರಳು ಮಾತ್ರ ಮುಂದೆ ಹೋಗಲಿ. ಕೊನೆಗೆ ಬಾಲವನ್ನು ಕತ್ತರಿಸು. 1,00,000 ಸದಸ್ಯರನ್ನು ಒಂದೇ ಒಂದು ಸಲ ನೋಡಿದರೆ ಕೆಲಸ ಮುಗಿಯಿತು. ಅಕ್ಕಿ ಆರಿಸುವಾಗ ಮೊರದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಾ ಹೋಗುತ್ತೇವಲ್ಲ, ಹಾಗೆ. ಒಂದು ಕಲ್ಲು ಸಿಕ್ಕಿತು ಅಂತ ಯಾರೂ ಅಕ್ಕಿಯನ್ನೆಲ್ಲ ಮತ್ತೆ ಮೊದಲಿನಿಂದ ಸರಿಸುವುದಿಲ್ಲ.

ಕ್ರಮ ಮುಖ್ಯವೇ ಅಲ್ಲ ಅನ್ನುವಾಗ ಇನ್ನೂ ಸುಲಭ. ಕೊನೆಯದನ್ನು ತಂದು ಖಾಲಿಯಾದ ಜಾಗಕ್ಕೆ ಹಾಕಿದರೆ ಆಯಿತು. ರಸ್ಟ್ ಭಾಷೆಯಲ್ಲಿ ಇದಕ್ಕೆ ಸ್ವಾಪ್-ರಿಮೂವ್ ಎಂದೇ ಹೆಸರು. ನನ್ನ ಬಸ್ಸಿಗೆ ಮಾತ್ರ ಇದು ಆಗದು, ಕೊನೆಯ ಸ್ಟಾಪಿನ ಮಗು ಮೂರನೇ ಸ್ಟಾಪಿಗೆ ಬಂದುಬಿಡುತ್ತದೆ.

ಲೂಪ್ ಒಳಗೆ ತೆಗೆಯುವವರ ಪಾಡನ್ನೂ ಹೇಳಿಬಿಡುತ್ತೇನೆ. ಹೊಸದಾಗಿ ಕಲಿಯುವವರು ಇದರಲ್ಲಿ ತಪ್ಪದೆ ಬೀಳುತ್ತಾರೆ. ಪೈಥಾನ್‌ನಲ್ಲಿ 1, 2, 2, 3 ಎಂಬ ಲಿಸ್ಟ್ ಇದೆ. ಸುತ್ತುತ್ತಾ 2 ಸಿಕ್ಕಿದಲ್ಲೆಲ್ಲ ತೆಗೆಯುತ್ತಾ ಹೋದರೆ ಉಳಿಯುವುದು 1, 2, 3. ಮೊದಲ 2 ಹೋದ ತಕ್ಷಣ ಎರಡನೇ 2 ಅದರ ಜಾಗಕ್ಕೆ ಸರಿಯಿತು. ಲೂಪ್ ಮಾತ್ರ ಮುಂದಿನ ಜಾಗಕ್ಕೆ ಹೆಜ್ಜೆ ಇಟ್ಟಿತು. ಸರಿದು ಬಂದವನನ್ನು ಯಾರೂ ನೋಡಲೇ ಇಲ್ಲ. ಪಿಎಚ್‌ಪಿಯಲ್ಲಿ ಅನ್‌ಸೆಟ್ ಬಳಸಿ, ಕೌಂಟ್ (ಈಗ ಎಷ್ಟು ಇವೆ ಎಂಬ ಎಣಿಕೆ) ನೋಡುತ್ತಾ ಸುತ್ತಿದರೆ ತಪ್ಪು ತಿರುಗಾಮುರುಗ ಆಗುತ್ತದೆ. ಅಲ್ಲಿ ಯಾರೂ ಸರಿಯುವುದಿಲ್ಲ, ಆದರೆ ಕೌಂಟ್ ಕಡಿಮೆಯಾಗುತ್ತದೆ. ಹಾಗಾಗಿ ಕೊನೆಯವನ ತನಕ ಲೂಪ್ ಹೋಗುವುದೇ ಇಲ್ಲ. ಹಿಂದಿನಿಂದ ಮುಂದಕ್ಕೆ ಸುತ್ತಿದರೆ ಎರಡೂ ಕಡೆ ಬಚಾವು. ತೆಗೆದ ಜಾಗದ ಆಚೆಗಿರುವುದು ಸರಿದರೂ, ಅದನ್ನು ನೋಡಿ ಆಗಿದೆ.

ಇಷ್ಟೆಲ್ಲ ಓದಿ, ತಿದ್ದಿ, ನನಗೆ ಸಮಾಧಾನವಾಗಿತ್ತು. ಮಂಗಳವಾರ, ಬುಧವಾರ ಪಟ್ಟಿ ಸರಿಯಾಗಿ ಬಂತು. ಗುರುವಾರ ಬೆಳಿಗ್ಗೆ ಮತ್ತೆ ಫೋನ್. ಈ ಸಲ ಒಬ್ಬ ತಾಯಿ. ಶಾಲೆಯವರು ನನ್ನ ನಂಬರ್ ಕೊಟ್ಟಿದ್ದರು.

"ಮಗ ಇನ್ನೂ ನನ್ನ ಪಕ್ಕದಲ್ಲೇ ನಿಂತಿದ್ದಾನೆ ಮೇಡಂ. ಬಸ್ ಹತ್ತಿದ ಅಂತ ಮೆಸೇಜ್ ಬಂದಿದೆಯಲ್ಲ?"

ಕೈಕಾಲು ತಣ್ಣಗಾಯಿತು. ಮಗು ಹತ್ತಿದೆ ಎಂದು ಸುಳ್ಳು ಮೆಸೇಜ್ ಹೋಗಿದೆ ಅಂದರೆ, ನಿಜವಾಗಿ ಹತ್ತಿದ ಮಗುವಿನ ಮನೆಗೆ ಮೆಸೇಜ್ ಹೋಗಿಲ್ಲ. ಪುಣ್ಯಕ್ಕೆ ಎರಡೂ ಮಕ್ಕಳು ಸುರಕ್ಷಿತವಾಗಿದ್ದರು. ಆದರೆ ಆ ಹತ್ತು ನಿಮಿಷ ನಾನು ಮರೆಯುವಂಥದ್ದಲ್ಲ.

ಆಗಿದ್ದು ಇಷ್ಟು. ಡ್ರೈವರ್ 7 ಗಂಟೆಗೆ ಪಟ್ಟಿ ತೆಗೆದುಕೊಂಡು ಹೊರಟಿದ್ದರು. 7.15ಕ್ಕೆ ಇಂಡೆಕ್ಸ್ 5ರ ಮಗುವಿನ ಮನೆಯವರು 'ಇವತ್ತು ಬರಲ್ಲ' ಒತ್ತಿದರು. ಸರ್ವರ್‌ನಲ್ಲಿ ನನ್ನ ಹೊಸ ಕೋಡ್ ಆ ಹೆಸರು ತೆಗೆದು, ಎಲ್ಲರಿಗೂ ಚೊಕ್ಕವಾಗಿ ಹೊಸ ನಂಬರ್ ಕೊಟ್ಟಿತು. ಡ್ರೈವರ್ ಫೋನಿನಲ್ಲಿ ಮಾತ್ರ ಹಳೆಯ ಪಟ್ಟಿಯೇ ಇತ್ತು. ಅವರು ಇಂಡೆಕ್ಸ್ 8ರ ಮಗು ಹತ್ತಿತು ಎಂದು ಟಿಕ್ ಮಾಡಿದರು. ಫೋನ್ ಸರ್ವರ್‌ಗೆ ಹೇಳಿದ್ದು 'ಎಂಟು' ಎಂದು ಮಾತ್ರ. ಸರ್ವರ್‌ನ ಹೊಸ ಎಂಟು ಬೇರೆ ಮಗು, ಮೊದಲು ಒಂಬತ್ತು ಆಗಿದ್ದವನು.

ಸೋಮವಾರದ ತಪ್ಪು ಕೋಡ್ ಇದ್ದಿದ್ದರೆ ಗುರುವಾರದ ತಪ್ಪು ಆಗುತ್ತಲೇ ಇರಲಿಲ್ಲ! ಹಲ್ಲು ಬಿದ್ದ ಅರೇಯಲ್ಲಿ ಎಂಟು ಎಂಟೇ ಆಗಿ ಉಳಿಯುತ್ತಿತ್ತು. ಈ ಯೋಚನೆ ನನ್ನನ್ನು ಎರಡು ದಿನ ಬಿಡಲಿಲ್ಲ.

ಶನಿವಾರ ಊರಿಗೆ ಹೋದೆ. ಅಪ್ಪ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು, ಈಗ ನಿವೃತ್ತರು. ಊಟ ಆದ ಮೇಲೆ ಜಗಲಿಯಲ್ಲಿ ಕೂತಿದ್ದಾಗ ಸುಮ್ನೆ ಕೇಳಿದೆ. "ಅಪ್ಪ, ವರ್ಷದ ನಡುವೆ ಒಂದು ಮಗು ಟಿ.ಸಿ. ತಗೊಂಡು ಹೋದ್ರೆ ಹಾಜರಿ ಪುಸ್ತಕದಲ್ಲಿ ಏನು ಮಾಡ್ತಿದ್ರಿ?"

"ಕೆಂಪು ಇಂಕಿನಲ್ಲಿ ಗೆರೆ ಎಳೆದು ಟಿ.ಸಿ. ಅಂತ ಬರೀತಿದ್ದೆ."

"ಕೆಳಗಿನವರಿಗೆ ಒಂದೊಂದು ನಂಬರ್ ಮೇಲೆ ಕೊಡ್ತಿರಲಿಲ್ವಾ?"

"ಕೊಟ್ರೆ ಗತಿಯೇನಮ್ಮಾ? ಅಂಕದ ವಹಿಯಲ್ಲೂ ಅದೇ ನಂಬರ್ ಇರತ್ತೆ. ಇಲ್ಲಿ ಬದಲಾಯಿಸಿದ್ರೆ ಅಲ್ಲಿ ಒಬ್ಬರ ಮಾರ್ಕ್ಸು ಇನ್ನೊಬ್ಬರಿಗೆ ಹೋಗತ್ತೆ. ಹದಿಮೂರು ಆದ್ಮೇಲೆ ಹದಿನೈದು ಅಂತ ಮಕ್ಕಳೇ ರೂಢಿ ಮಾಡ್ಕೋತಾರೆ. ಮುಂದಿನ ಜೂನ್‌ನಲ್ಲಿ ಹೊಸ ಪುಸ್ತಕ ಬಂದಾಗ ಎಲ್ಲರಿಗೂ ಹೊಸದಾಗಿ ಕೊಟ್ರಾಯ್ತು."

"ಮತ್ತೆ ನಡುವೆ ಹೊಸ ಮಗು ಸೇರಿದ್ರೆ? ಹದಿನಾಲ್ಕು ಖಾಲಿ ಇದೆಯಲ್ಲ?"

"ಖಾಲಿ ಎಲ್ಲಿದೆ? ಅದು ಹೋದ ಮಗುವಿನದು. ಹೊಸಬರು ಕೊನೆಗೆ."

ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪಿಎಚ್‌ಪಿಯ ಅನ್‌ಸೆಟ್ ನಡೆಯುವುದು ಅಪ್ಪನ ಹಾಜರಿ ಪುಸ್ತಕದ ಹಾಗೆಯೇ. ಹೋದವರ ನಂಬರನ್ನು ಅದು ಬೇರೆಯವರಿಗೆ ತಾನಾಗಿ ಕೊಡುವುದಿಲ್ಲ. ಕೊನೆಯ 24ನೇ ಇಂಡೆಕ್ಸನ್ನು ಅನ್‌ಸೆಟ್ ಮಾಡಿ, ಆಮೇಲೆ ಹೊಸಬರನ್ನು ಸೇರಿಸಿದರೂ ಅವರಿಗೆ ಸಿಗುವುದು 25. ಇದನ್ನು ನಾನು ಮೊದಲು ಭಾಷೆಯ ಕೊರತೆ ಎಂದುಕೊಂಡಿದ್ದೆ. ಅಪ್ಪನ ಮಾತು ಕೇಳಿದ ಮೇಲೆ ಅದರಲ್ಲಿ ಒಂದು ನಿಯತ್ತು ಕಂಡಿತು. ಅರೇ-ವ್ಯಾಲ್ಯೂಸ್ ಕರೆಯುವುದು ಅಂದರೆ ಜೂನ್‌ನ ಹೊಸ ಪುಸ್ತಕ ತೆರೆಯುವುದು. ನಾನು ಪ್ರತಿ ದಿನ ಬೆಳಿಗ್ಗೆ, ಬಸ್ ನಡುದಾರಿಯಲ್ಲಿರುವಾಗ, ಜೂನ್ ಮಾಡುತ್ತಿದ್ದೆ.

ಅಪ್ಪ ಇನ್ನೊಂದು ಮಾತು ಹೇಳಿದರು. ಹಾಜರಿ ಪುಸ್ತಕದಲ್ಲಿ ಹೆಸರಿನ ಹಿಂದೆ ಎರಡು ನಂಬರ್ ಇರುತ್ತದೆ. ಒಂದು ಕ್ರಮ ಸಂಖ್ಯೆ, ಇನ್ನೊಂದು ದಾಖಲಾತಿ ಸಂಖ್ಯೆ. ಕ್ರಮ ಸಂಖ್ಯೆ ವರ್ಷ ವರ್ಷ ಬದಲಾಗುತ್ತದೆ. ದಾಖಲಾತಿ ಸಂಖ್ಯೆ ಮಗು ಶಾಲೆಗೆ ಸೇರಿದ ದಿನ ಬಂದದ್ದು ಬಿಡುವ ತನಕ ಅದೇ. ಬಿಟ್ಟ ಮೇಲೂ ಇನ್ನೊಬ್ಬರಿಗೆ ಹೋಗುವುದಿಲ್ಲ. "ನಲವತ್ತು ವರ್ಷ ಆದ್ಮೇಲೆ ಹುಟ್ಟಿದ ದಿನಾಂಕಕ್ಕೆ ಅಂತ ಬರ್ತಾರೆ. ಆಗ ಕ್ರಮ ಸಂಖ್ಯೆ ಯಾರು ಕೇಳ್ತಾರೆ?"

ಇಂಡೆಕ್ಸ್ ಎಂದರೆ ಏನು ಎಂದು ನನಗೆ ಸರಿಯಾಗಿ ಅರ್ಥವಾಗಿದ್ದು ಬಹುಶಃ ಆ ಜಗಲಿಯಲ್ಲಿ. ಸೊಸೈಟಿ ಅಂಗಡಿ ಮುಂದೆ ಅಕ್ಕಿಗೆ ಸಾಲು ನಿಂತಿದ್ದೀರಿ ಎಂದುಕೊಳ್ಳಿ. ನಿಮ್ಮ ಇಂಡೆಕ್ಸ್ ಎಂದರೆ ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ ಎನ್ನುವುದು. ಎಲ್ಲರಿಗಿಂತ ಮುಂದೆ ಇರುವವರ ಮುಂದೆ ಯಾರೂ ಇಲ್ಲ, ಆದ್ದರಿಂದ ಸೊನ್ನೆ. 1982ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಸೊನ್ನೆಯಿಂದ ಯಾಕೆ ಎಣಿಸಬೇಕು ಎಂದು ಒಂದು ಚಿಕ್ಕ ಟಿಪ್ಪಣಿ ಬರೆದರು. ಅದರ ವಾದದ ಒಂದು ತುದಿ ಇದೇ: ಸೊನ್ನೆಯಿಂದ ಶುರುಮಾಡಿದರೆ ಪ್ರತಿಯೊಂದರ ನಂಬರೂ ಅದಕ್ಕಿಂತ ಮುಂಚೆ ಇರುವವುಗಳ ಎಣಿಕೆ ಆಗುತ್ತದೆ. ಮುಂದಿನವರು ಒಬ್ಬರು ಸಾಲು ಬಿಟ್ಟು ಹೋದರೆ ನಿಮ್ಮ ನಂಬರ್ ಬದಲಾಗಲೇಬೇಕು, ಯಾಕೆಂದರೆ ನಿಮ್ಮ ಮುಂದಿನ ಜನ ಕಡಿಮೆಯಾದರು. ನೀವು ಮಾತ್ರ ನೀವೇ. ನಿಮ್ಮ ರೇಷನ್ ಕಾರ್ಡಿನ ನಂಬರ್ ಬದಲಾಗುವುದಿಲ್ಲ.

ನಾನು ಮಾಡಿದ ತಪ್ಪು ಅಂದರೆ ಸಾಲಿನ ಜಾಗವನ್ನು ಮಗುವಿನ ಹೆಸರಿನ ಹಾಗೆ ಬಳಸಿದ್ದು. ಪಟ್ಟಿಯನ್ನು ಒಬ್ಬರೇ ನೋಡುತ್ತಿರುವ ತನಕ ಇದು ನಡೆಯುತ್ತದೆ. ಇಬ್ಬರು ನೋಡುತ್ತಿದ್ದು, ಒಬ್ಬರ ಕೈಯಲ್ಲಿರುವುದು ಹಳೆಯದಾದರೆ ಅಲ್ಲಿಗೆ ಮುಗಿಯಿತು.

ಈ ಗೊಂದಲ ದೊಡ್ಡ ಭಾಷೆಗಳ ಒಳಗೇ ಕೂತಿದೆ. ಜಾವಾದಲ್ಲಿ ಪೂರ್ಣಾಂಕಗಳ ಅರೇ-ಲಿಸ್ಟ್ ಒಂದರ ಮೇಲೆ 'ರಿಮೂವ್ 1' ಎಂದರೆ ಏನು ಹೋಗಬೇಕು? 1 ಎಂಬ ಜಾಗದಲ್ಲಿರುವುದೋ, 1 ಎಂಬ ಬೆಲೆಯೋ? ಬರೀ ಇಂಟ್ (ಸಾದಾ ಪೂರ್ಣಾಂಕ) ಕೊಟ್ಟರೆ ಜಾಗ, ಇಂಟಿಜರ್ ಆಬ್ಜೆಕ್ಟ್ (ಅದೇ ಸಂಖ್ಯೆಯನ್ನು ಸುತ್ತಿಟ್ಟ ಡಬ್ಬಿ) ಕೊಟ್ಟರೆ ಬೆಲೆ. ಒಂದೇ ಪದ, ಎರಡು ಕೆಲಸ. ವೆಬ್ ಪುಟಗಳನ್ನು ರಿಯಾಕ್ಟ್‌ನಲ್ಲಿ ಕಟ್ಟುವವರಿಗೂ ಇದು ಗೊತ್ತು. ಸಾಲುಗಳಿಗೆ ಗುರುತಿನ ಕೀ ಆಗಿ ಇಂಡೆಕ್ಸನ್ನೇ ಕೊಟ್ಟು ನಡುವಿನ ಒಂದನ್ನು ತೆಗೆದರೆ, ಒಂದು ಸಾಲಿನಲ್ಲಿ ಟೈಪ್ ಮಾಡಿದ್ದು ಇನ್ನೊಂದು ಸಾಲಿನಲ್ಲಿ ಕಾಣಿಸಬಹುದು. ಅಪ್ಪ ಹೇಳಿದ ಅಂಕದ ವಹಿ ಕಥೆಯೇ ಅದು.

ಡೇಟಾಬೇಸ್‌ಗಳಲ್ಲಿ ಈ ಬುದ್ಧಿ ಮೊದಲಿನಿಂದ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ತಾನಾಗಿ ಏರುವ ಐಡಿ ಇಟ್ಟರೆ, ನಡುವಿನ ಒಂದು ಸಾಲು ಅಳಿಸಿದರೂ ಉಳಿದವುಗಳ ಐಡಿ ಕದಲುವುದಿಲ್ಲ. ಐಡಿಗಳ ನಡುವೆ ಬಿಟ್ಟುಹೋದ ನಂಬರ್ ನೋಡಿ 'ಇದನ್ನು ಸರಿಮಾಡಬೇಕಲ್ಲ' ಎಂದು ಕೈ ಹಾಕಲು ಹೊರಟ ಹೊಸಬರನ್ನು ನಾನು ತಡೆದಿದ್ದೇನೆ. ಆ ಐಡಿಯನ್ನು ಬೇರೆ ಎಷ್ಟು ಟೇಬಲ್‌ಗಳು, ಎಷ್ಟು ಇಮೇಲ್‌ಗಳು, ಎಷ್ಟು ಪ್ರಿಂಟ್ ಆದ ರಸೀದಿಗಳು ಹಿಡಿದುಕೊಂಡಿವೆಯೋ. ಬಿಲ್ ನಂಬರುಗಳ ವಿಷಯದಲ್ಲಿ ಜಿಎಸ್‌ಟಿ ನಿಯಮ ಇನ್ನೂ ಚೆಂದ. ಬಿಲ್‌ಗಳಿಗೆ ಸಾಲಾದ ನಂಬರ್ ಇರಬೇಕು, 16 ಅಕ್ಷರ ಮೀರಬಾರದು. ಹಾಗಂತ ಒಂದು ಬಿಲ್ ರದ್ದಾದರೆ ಹಿಂದಿನವುಗಳನ್ನು ಮುಂದೆ ಸರಿಸುವುದಿಲ್ಲ. ರಿಟರ್ನ್ ಸಲ್ಲಿಸುವಾಗ ಎಲ್ಲಿಂದ ಎಲ್ಲಿಯ ತನಕ, ಒಟ್ಟು ಎಷ್ಟು, ರದ್ದಾದದ್ದು ಎಷ್ಟು ಎಂದು ಹೇಳಬೇಕು. ಅಂಗಡಿಯವರ ಲೆಕ್ಕದಲ್ಲೂ ಅಪ್ಪನ ಕೆಂಪು ಗೆರೆ ಇದೆ.

ಭಾನುವಾರ ಊರಿನಿಂದ ಬಂದವಳು ಕೋಡ್ ಬದಲಾಯಿಸಿದೆ. ಪಟ್ಟಿ ಈಗಲೂ 0ಯಿಂದ ಸಾಲಾಗಿಯೇ ಹೋಗುತ್ತದೆ, ಅರೇ-ವ್ಯಾಲ್ಯೂಸ್ ಹಾಗೇ ಇದೆ. ತೋರಿಸುವುದಕ್ಕೆ ಸಾಲು ಬೇಕೇ ಬೇಕು. ಆದರೆ ಪ್ರತಿ ಹೆಸರಿನ ಜೊತೆ ಶಾಲೆಯ ದಾಖಲಾತಿ ಸಂಖ್ಯೆಯೂ ಹೋಗುತ್ತದೆ. ಡ್ರೈವರ್ ಟಿಕ್ ಮಾಡಿದರೆ ಫೋನ್ 'ಎಂಟು' ಎನ್ನುವುದಿಲ್ಲ, ದಾಖಲಾತಿ ಸಂಖ್ಯೆ ಹೇಳುತ್ತದೆ. ಪಟ್ಟಿಯಿಂದ ಹೋದ ಹೆಸರನ್ನು ಪೂರ್ತಿ ಅಳಿಸುವುದನ್ನೂ ಬಿಟ್ಟೆ. ಪಟ್ಟಿಯ ಕೆಳಗೆ ಬೂದು ಬಣ್ಣದಲ್ಲಿ 'ಇವತ್ತು ಬರದವರು' ಎಂದು ಕಾಣಿಸುತ್ತದೆ. ಅದನ್ನು ಕೆಂಪು ಮಾಡೋಣ ಎಂದುಕೊಂಡಿದ್ದೆ, ಡ್ರೈವರ್ ಬೇಡ ಎಂದರು. ಕೆಂಪು ಕಂಡರೆ ಏನೋ ಅಪಾಯ ಎಂದು ಗಾಬರಿಯಾಗುತ್ತದಂತೆ.

ಜ್ವರದ ಹುಡುಗಿ ಎಂಟು ದಿನ ಬರಲಿಲ್ಲ. ಮರುವಾರ ಬುಧವಾರ ಬೆಳಿಗ್ಗೆ ಅವಳಮ್ಮ ಆ ದಿನದ ಗುರುತು ತೆಗೆದಾಗ ಗಂಟೆ 7.20, ಬಸ್ ಆಗಲೇ ಹೊರಟಾಗಿತ್ತು. ನಾನು ಸರ್ವರ್‌ನ ಲಾಗ್ ನೋಡುತ್ತಾ ಕೂತಿದ್ದೆ. ಅವಳ ಹೆಸರು ತನ್ನ ಸ್ಟಾಪಿನ ಜಾಗಕ್ಕೆ, ಮೂರನೆಯದಾಗಿ ಬಂದು ಸೇರಿತು. ಹಿಂದಿನ 22 ಮಕ್ಕಳು ಒಂದೊಂದು ಜಾಗ ಹಿಂದೆ ಸರಿದರು. ಮೊದಲೇ ಹತ್ತಿದ್ದ ಇಬ್ಬರ ಟಿಕ್ ಇದ್ದಲ್ಲೇ ಇತ್ತು. 7.26ಕ್ಕೆ ಅವಳ ದಾಖಲಾತಿ ಸಂಖ್ಯೆಯ ಮುಂದೆ ಟಿಕ್ ಬಿತ್ತು. ಮೆಸೇಜ್ ಹೋಗಿದ್ದು ಅವಳ ಮನೆಗೇ.